ವರ್ಚುವಲ್ ಯಂತ್ರಗಳ ಅಳತೆಯಲ್ಲಿ ಸಾಕ್ಷ್ಯವಿಮರ್ಶೆ

ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಗಣಕಯಂತ್ರದ ಅಳತೆಗಳ ವಿಚಾರ ಬಂದಿರುವುದು ವಾಚಕರಿಗೆ ಅಸಂಗತವೆಂದು ತೋರಬಹುದು. ಆದರೆ ಶಾಸನಪಾಠಗಳನ್ನೂ ಹಳೆಯ ಕಡತಗಳ ಛಾಯಾಪ್ರತಿಗಳನ್ನೂ ಇಂದು ನಾವು ಗಣಕದಲ್ಲಿಯೇ ಕಾಪಾಡುತ್ತಿದ್ದೇವೆ. ನಮ್ಮ ಶಾಸನಕೋಶವನ್ನು ಇರಿಸಿದ್ದ ವರ್ಚುವಲ್ ಯಂತ್ರವು ಕೆಲಕಾಲ ಬಹಳ ನಿಧಾನವಾಗಿ ನಡೆಯುತ್ತಿದ್ದಿತು. ಅದರ ಸ್ಥಿತಿಯನ್ನು ಅಳೆದು ತಿಳಿಸುವ ‘ಮಾನಿಟರಿಂಗ್ ಮಾಡ್ಯೂಲ್’ ಎಂಬ ಕಿರು ಪ್ರೋಗ್ರಾಮು ಮಾತ್ರ ಯಂತ್ರವು ಬಿಡುವಾಗಿಯೇ ಇದೆಯೆಂದು ಹೇಳುತ್ತಿದ್ದಿತು. ಹೀಗಾಗಿ ದೋಷವೆಲ್ಲ ಶಾಸನಕೋಶದ ಮೇಲೆ ಬಿದ್ದು, ಅದನ್ನು ಮೊಟಕುಗೊಳಿಸಬೇಕೆಂಬ ಸಲಹೆಯೂ ಬಂದಿತು. ಆಗ ನಾವು ಆ ಅಂಕಿಗಳನ್ನೇ ಪರೀಕ್ಷಿಸಬೇಕಾಯಿತು.

ಒಂದೇ ಭೌತಿಕ ಯಂತ್ರವನ್ನು ಹಲವು ಯಂತ್ರಗಳಂತೆ ನಡೆಯಿಸುವ ಈ ವಿಧಾನವು ಹೊಸದೇನೂ ಅಲ್ಲ. 1960ರ ದಶಕದಲ್ಲಿ ಐಬಿಎಂ ಸಂಸ್ಥೆಯ ಕೇಂಬ್ರಿಜ್ ಕೇಂದ್ರದಲ್ಲಿ ಇದು ರೂಪುಗೊಂಡಿತು. 1972ರಲ್ಲಿ ವಿಎಂ/370 ಪ್ರಕಟವಾಯಿತು. 1974ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ವಿದ್ವಾಂಸರು ಇದರ ಲಕ್ಷಣವನ್ನು ನಿರೂಪಿಸಿದರು. ಪ್ರೋಗ್ರಾಮು ನಿಜಯಂತ್ರದಲ್ಲಿ ನಡೆಯುವಂತೆಯೇ ಇಲ್ಲಿಯೂ ನಡೆಯತಕ್ಕದ್ದು. ಆದರೆ ಕಾಲದಲ್ಲಿಯೂ ಲಭ್ಯ ಸಾಧನಗಳಲ್ಲಿಯೂ ವ್ಯತ್ಯಾಸವಾಗಬಹುದು. ಅಳತೆಯ ತೊಡಕೆಲ್ಲ ಈ ಅಪವಾದದಲ್ಲಿಯೇ ಅಡಗಿದೆ.

ಭೌತಿಕ ಯಂತ್ರವನ್ನು ಆತಿಥೇಯವೆಂದೂ ಅದರೊಳಗಿನ ವರ್ಚುವಲ್ ಯಂತ್ರವನ್ನು ಅತಿಥಿಯೆಂದೂ ಕರೆಯೋಣ. ಅತಿಥಿಯು ಕೆಲಸಕ್ಕೆ ಸಿದ್ಧವಿದ್ದರೂ ಪ್ರೊಸೆಸರು ಬೇರೊಂದು ಅತಿಥಿಯ ಸೇವೆಯಲ್ಲಿದ್ದರೆ ಕಾಯಬೇಕಾಗುತ್ತದೆ. ಈ ಕಾಯುವಿಕೆಗೆ ‘ಸ್ಟೀಲ್ ಟೈಮ್’, ಎಂದರೆ ಅಪಹೃತ ಕಾಲ, ಎಂದು ಹೆಸರು. ಲಿನಕ್ಸ್ ವ್ಯವಸ್ಥೆಯು 2005ರ 2.6.11ನೆಯ ಆವೃತ್ತಿಯಿಂದ ಇದಕ್ಕೆ ಪ್ರತ್ಯೇಕ ಅಂಕಣವನ್ನು ಇರಿಸಿದೆ. ಉದಾಹರಣೆಗೆ, 100 ಪಾಲು ಕಾಲದಲ್ಲಿ ಕೆಲಸಕ್ಕೆ 40, ಅಪಹೃತವಾಗಿ 45, ಬಿಡುವಾಗಿ 15 ಪಾಲು ಸಂದಿತೆನ್ನೋಣ. ಮೊದಲನೆಯ ಅಂಕಿಯನ್ನು ಮಾತ್ರ ಓದುವ ಮಾಡ್ಯೂಲಿಗೆ 60 ಪಾಲು ಬಿಡುವು ಇದ್ದಂತೆ ತೋರುವುದು.

ಹಾಗೆಂದು ಆತಿಥೇಯದ ಲೆಕ್ಕವೊಂದನ್ನೇ ನಂಬುವುದೂ ಯುಕ್ತವಲ್ಲ. ಅತಿಥಿಯು ಒಮ್ಮೆ ಬಳಸಿ ಬಿಟ್ಟ ಸ್ಮೃತಿಯನ್ನು, ಅದು ಹಿಂದಿರುಗಿ ಬಾರದಿದ್ದರೆ, ಆತಿಥೇಯವು ಬಳಕೆಯಲ್ಲಿರುವುದೆಂದೇ ಎಣಿಸುತ್ತದೆ. ಪ್ರೊಸೆಸರಿನ ವಿಷಯದಲ್ಲಿ ಒಳಗಿನ ಸಾಕ್ಷಿಗೆ ಹೊರಗಿನದು ಕಾಣದು. ಸ್ಮೃತಿಯ ವಿಷಯದಲ್ಲಿ ಹೊರಗಿನ ಸಾಕ್ಷಿಗೆ ಒಳಗಿನದು ಕಾಣದು.

ಅಂಕಿಯನ್ನು ಓದುವ ಅವಧಿಯೂ ಮುಖ್ಯವಾದುದು. ಜಾಲದ ಮೂಲಕ ಹರಿದ ಬೈಟುಗಳನ್ನು ಎಣಿಸುವ 32 ಬಿಟ್ಟುಗಳ ಎಣಿಕೆಯು 4,29,49,67,296ನ್ನು ಮುಟ್ಟಿದೊಡನೆ ಮತ್ತೆ ಸೊನ್ನೆಗೆ ಬರುತ್ತದೆ. ಸೆಕೆಂಡಿಗೆ 1 ಗಿಗಾಬಿಟ್ ವೇಗದಲ್ಲಿ ಇದಕ್ಕೆ ಸುಮಾರು 34 ಸೆಕೆಂಡು ಸಾಕು. 5 ನಿಮಿಷಕ್ಕೊಮ್ಮೆ ಓದುವವನಿಗೆ ನಡುವಣ ಸುತ್ತುಗಳು ತಿಳಿಯುವುದೇ ಇಲ್ಲ. ಇಂತಹ ಕಡೆ 64 ಬಿಟ್ಟುಗಳ ಎಣಿಕೆಯನ್ನೇ ಬಳಸತಕ್ಕದ್ದು. ಯಂತ್ರವನ್ನು ಮರುಚಾಲನೆಗೊಳಿಸಿದಾಗಲೂ ಎಣಿಕೆ ಸೊನ್ನೆಯಾಗುವುದರಿಂದ, ಆ ಅವಧಿಯ ಸ್ಥಾನವನ್ನು ಊಹೆಯಿಂದ ತುಂಬದೆ ಖಾಲಿ ಬಿಡುವುದು ಲೇಸು.

ಆದ್ದರಿಂದ ಮಾಡ್ಯೂಲಿನ ಸುಧಾರಣೆಯೆಂದರೆ ಅಂಕಿಗಳನ್ನು ಹೆಚ್ಚಿಸುವುದಷ್ಟೇ ಅಲ್ಲ. ಪ್ರತಿಯೊಂದು ಅಂಕಿಯೊಡನೆಯೂ ಅದನ್ನು ಯಾವ ಕಡೆಯಿಂದ, ಯಾವಾಗ, ಎಷ್ಟು ಅವಧಿಗೆ ಅಳೆಯಲಾಯಿತೆಂಬುದನ್ನು ದಾಖಲಿಸಿ, ಎರಡು ಕಡೆಯ ಲೆಕ್ಕಗಳನ್ನೂ ಒಂದೇ ಕಾಲರೇಖೆಯ ಮೇಲೆ ಇಡಬೇಕು. ನಮ್ಮಲ್ಲಿ ಅಪಹೃತ ಕಾಲದ ಅಂಕಣವನ್ನು ಸೇರಿಸಿದೊಡನೆ ನಿಧಾನಕ್ಕೆ ಕಾರಣವು ನೆರೆಯ ಅತಿಥಿಗಳ ದಟ್ಟಣೆಯೆಂಬುದು ಸ್ಪಷ್ಟವಾಯಿತು. ಶಾಸನಕೋಶವನ್ನು ದಟ್ಟಣೆ ಕಡಿಮೆಯಿದ್ದ ಮತ್ತೊಂದು ಆತಿಥೇಯಕ್ಕೆ ಸಾಗಿಸಲಾಯಿತು. ಅದರಿಂದ ಒಂದು ಶಾಸನವನ್ನೂ ತೆಗೆಯಬೇಕಾಗಲಿಲ್ಲ.