ಕಿವಿಯ ಹಿಂಭಾಗದ ಬಾವು ಮತ್ತು ನೋವು: ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಕಿವಿಯ ಹಿಂಭಾಗದಲ್ಲಿ ಬಾವು ಹಾಗೂ ನೋವು ಕಾಣಿಸಿಕೊಳ್ಳುವುದು ಒಂದು ಲಕ್ಷಣವೇ ಹೊರತು ಪ್ರತ್ಯೇಕ ಕಾಯಿಲೆಯಲ್ಲ. ಬಹುತೇಕ ಸಂದರ್ಭಗಳಲ್ಲಿ ತಲೆಯ ಮೇಲಿನ ಕುರು, ಹೇನಿನಿಂದಾದ ಗಾಯ ಅಥವಾ ಗಂಟಲಿನ ಸೋಂಕಿನಿಂದ ಅಲ್ಲಿನ ದುಗ್ಧಗ್ರಂಥಿ ಊದಿಕೊಂಡು, ಮೂಲ ಸೋಂಕು ವಾಸಿಯಾದೊಡನೆ ತಗ್ಗುತ್ತದೆ. ಆದರೆ ಒಂದು ಸ್ಥಿತಿಯಲ್ಲಿ ಒಂದು ದಿನವೂ ಕಾಯುವಂತಿಲ್ಲ.

ಕಿವಿ ಸೋರುತ್ತಿದ್ದ ಅಥವಾ ಕೆಲದಿನಗಳಿಂದ ಕಿವಿನೋವಿದ್ದ ಮಗುವಿಗೆ ಜ್ವರ ಬಂದು, ಕಿವಿಯ ಹಿಂದಿನ ಮೂಳೆಯ ಮೇಲೆ ಚರ್ಮ ಕೆಂಪಾಗಿ, ಮುಟ್ಟಿದರೆ ವಿಪರೀತ ನೋವಾಗಿ, ಕಿವಿಯೇ ಮುಂದಕ್ಕೆ ತಳ್ಳಿದಂತೆ ಕಂಡರೆ, ಸೋಂಕು ಮ್ಯಾಸ್ಟಾಯ್ಡ್ ಎಂಬ ಆ ಮೂಳೆಗೆ ಹರಡಿರುವ ಸಂಭವವಿದೆ. ಈ ಮೂಳೆಯು ಮೆದುಳಿಗೆ ಅತಿ ಸಮೀಪದಲ್ಲಿರುವುದರಿಂದ ಕೀವು ಒಳಮುಖವಾಗಿ ಹರಡಿದಲ್ಲಿ ಪ್ರಾಣಾಪಾಯ ಉಂಟಾಗಬಹುದು. ತೀವ್ರ ತಲೆನೋವು, ವಾಂತಿ, ಮಂಪರು, ಮುಖ ಒಂದು ಕಡೆಗೆ ವಾಲುವುದು ಕಂಡುಬಂದಲ್ಲಿ 108 ಆಂಬ್ಯುಲೆನ್ಸ್‌ಗೆ ಕರೆ ಮಾಡತಕ್ಕದ್ದು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಡುವುದು, ಸುಣ್ಣದ ಪಟ್ಟು ಹಾಕುವುದು, ಬಾವನ್ನು ಹಿಸುಕುವುದು ಸಲ್ಲದು. ಇವುಗಳಿಂದ ಹಾನಿಯ ಜೊತೆಗೆ ಅಮೂಲ್ಯ ಸಮಯವೂ ಕಳೆದುಹೋಗುತ್ತದೆ.

ಕೆಪ್ಪಟರಾಯ ಅಥವಾ ಮಂಗನಬಾವಿನಲ್ಲಿ ಊತವು ಮುಖ್ಯವಾಗಿ ಕಿವಿಯ ಕೆಳಗೆ, ದವಡೆಯ ಬಳಿ ಇರುತ್ತದೆ. ಅಂತಹ ಮಗುವನ್ನು ಊತ ಕಾಣಿಸಿಕೊಂಡ ನಂತರ 5 ದಿನ ಶಾಲೆಗೆ ಕಳುಹಿಸಬಾರದು. ದಡಾರ-ರುಬೆಲ್ಲಾ ಲಸಿಕೆಯು ಮಂಗನಬಾವನ್ನು ತಡೆಯುವುದಿಲ್ಲ.

ನೋವಿಲ್ಲದ ಗಂಟು ಎರಡು ವಾರ ಮೀರಿದರೂ ಕರಗದಿದ್ದಲ್ಲಿ ಕ್ಷಯರೋಗದ ಪರೀಕ್ಷೆ ಅವಶ್ಯಕ. ಕ್ಷಯವು ಶ್ವಾಸಕೋಶಕ್ಕೆ ಮಾತ್ರ ಬರುವುದಲ್ಲ. ಸೂಜಿಯಿಂದ ಮಾದರಿ ತೆಗೆದು ಪರೀಕ್ಷಿಸಲಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ ಮತ್ತು ಔಷಧಿ ಉಚಿತವಾಗಿದ್ದು, ನಿಕ್ಷಯ್ ಪೋಷಣ್ ಯೋಜನೆಯಡಿ 2018ರಿಂದ ಮಾಸಿಕ 500 ರೂ. ಇದ್ದ ಸಹಾಯಧನವನ್ನು ನವೆಂಬರ್ 2024ರಿಂದ 1,000 ರೂ.ಗಳಿಗೆ ಹೆಚ್ಚಿಸಲಾಗಿದೆ. ಈ ಮೊತ್ತ ಬ್ಯಾಂಕ್ ಖಾತೆಗೆ ಜಮಾ ಆಗುವುದರಿಂದ ಖಾತೆಯ ವಿವರವನ್ನು ಚಿಕಿತ್ಸೆಯ ಆರಂಭದಲ್ಲಿಯೇ ನೀಡುವುದು ಒಳಿತು.

ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸತಕ್ಕದ್ದು. ಅಗತ್ಯವಿದ್ದಲ್ಲಿ ವೈದ್ಯರು ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಕಳುಹಿಸುತ್ತಾರೆ. ಕೊರಟಗೆರೆಯವರಿಗೆ ಇದು ಹತ್ತಿರ. ಪಾವಗಡದಿಂದ ಸುಮಾರು 100 ಕಿ.ಮೀ. ದೂರವಾದ್ದರಿಂದ ಆ ತಾಲ್ಲೂಕಿನವರು ಸಂಜೆಯವರೆಗೆ ಕಾದು ಹೊರಡುವುದು ಸೂಕ್ತವಲ್ಲ. ಗಡಿಯಾಚೆ ಹಿಂದೂಪುರ ಮುಂತಾದೆಡೆ ಈಗಾಗಲೇ ತೋರಿಸಿದ್ದಲ್ಲಿ ಅಲ್ಲಿನ ಚೀಟಿ ಹಾಗೂ ಉಳಿದ ಮಾತ್ರೆಗಳನ್ನು ತಪ್ಪದೇ ತರತಕ್ಕದ್ದು. ಹಿಂದೆ ಕೊಟ್ಟ ಔಷಧಿ ಯಾವುದೆಂದು ತಿಳಿಯದಿದ್ದರೆ ಮುಂದಿನ ಚಿಕಿತ್ಸೆ ನಿರ್ಧರಿಸುವುದು ಕಷ್ಟವಾಗುತ್ತದೆ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂ.ವರೆಗೆ ಚಿಕಿತ್ಸಾ ಸೌಲಭ್ಯವಿದೆ. ಪಡಿತರ ಚೀಟಿ ಮತ್ತು ಆಧಾರ್ ಜೊತೆಗಿರಲಿ. ಯೋಜನೆಯಡಿ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಯೋಜನೆಯ ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಬೇಕಿಲ್ಲ. ಕಾರ್ಡ್ ಮಾಡಿಸಿದ ನಂತರ ಹೋಗೋಣವೆಂದು ಜ್ವರದಲ್ಲಿರುವ ಮಗುವನ್ನು ಮನೆಯಲ್ಲಿ ಇರಿಸಿಕೊಳ್ಳಬಾರದು. ಹೆಚ್ಚಿನ ಮಾಹಿತಿಗೆ ಆರೋಗ್ಯವಾಣಿ 104ಕ್ಕೆ ಕರೆ ಮಾಡಬಹುದಾಗಿದೆ.