ಎರಡು ಮನೆಗಳ ಮಗ: ಸಂತ ಮಾರ್ಟಿನ್ ಡಿ ಪೋರೆಸ್

ನಮ್ಮ ಕರಾವಳಿಯ ಕೊಂಕಣಿ ಮನೆಗಳಲ್ಲಿ ಹುಡುಗನೊಬ್ಬ ಎದುರು ಸಿಕ್ಕಿದರೆ ಹಿರಿಯರು ಮೊದಲು ಕೇಳುವ ಪ್ರಶ್ನೆ, 'ತುಂ ಕೊಣಾಚೊ?' ಅಂದರೆ, 'ನೀನು ಯಾರ ಮಗ?' ಪ್ರಶ್ನೆಯಲ್ಲಿ ಪ್ರೀತಿಯೇ ಇರುತ್ತದೆ. ಆದರೆ ತಂದೆ ಒಂದು ಜನಾಂಗ, ತಾಯಿ ಇನ್ನೊಂದು ಜನಾಂಗವಾಗಿರುವ ಮಗುವಿಗೆ ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳುವುದು ಕಷ್ಟ. ಉದ್ಯೋಗಕ್ಕಾಗಿ ಮುಂಬೈ, ಕೊಲ್ಲಿ ರಾಷ್ಟ್ರಗಳು ಮತ್ತು ಇತರ ದೇಶಗಳಿಗೆ ಹೋಗಿ ಅಲ್ಲಿಯೇ ಮದುವೆಯಾದವರ ಮಕ್ಕಳು ರಜೆಯಲ್ಲಿ ನಮ್ಮ ದೇವಾಲಯಗಳಿಗೆ ಬರುತ್ತಾರೆ. ಅವರನ್ನು ನಾವು ಹೇಗೆ ಬರಮಾಡಿಕೊಳ್ಳುತ್ತೇವೆ? ಈ ಪ್ರಶ್ನೆಯ ಹಿನ್ನೆಲೆಯಲ್ಲಿ, ಪ್ರತಿ ವರ್ಷ ನವೆಂಬರ್ 3ರಂದು ಧರ್ಮಸಭೆಯು ಸ್ಮರಿಸುವ ಸಂತ ಮಾರ್ಟಿನ್ ಡಿ ಪೋರೆಸ್ ಅವರ ಜೀವನವನ್ನು ಅರಿಯುವುದು ಉಪಯುಕ್ತ. ಮಿಶ್ರ ಜನಾಂಗದವರ ಪಾಲಕ ಸಂತರೆಂದು ಅವರು ಪ್ರಸಿದ್ಧರು.

ದಾಖಲೆಯಲ್ಲಿ ಬಿಟ್ಟುಹೋದ ಹೆಸರು

ಮಾರ್ಟಿನ್ ಹುಟ್ಟಿದ್ದು 1579ರಲ್ಲಿ, ಪೆರು ದೇಶದ ಲಿಮಾ ನಗರದಲ್ಲಿ. ಆಗ ಪೆರು ಸ್ಪೇನಿನ ಆಳ್ವಿಕೆಯಲ್ಲಿತ್ತು. ತಂದೆ ಸ್ಪೇನಿನ ಕುಲೀನ ಮನೆತನದವರು. ತಾಯಿ ಆನಾ ವೆಲಾಸ್ಕೆಸ್, ಪನಾಮದಿಂದ ಬಂದ, ದಾಸ್ಯದಿಂದ ಬಿಡುಗಡೆ ಹೊಂದಿದ್ದ ಕಪ್ಪು ಜನಾಂಗದ ಮಹಿಳೆ. ಅವರಿಬ್ಬರಿಗೆ ಮದುವೆಯಾಗಿರಲಿಲ್ಲ. ಮಗುವಿಗೆ ತಾಯಿಯ ಮೈಬಣ್ಣ ಬಂದಿತ್ತು. ಸಂತ ಸೆಬಾಸ್ಟಿಯನ್ ದೇವಾಲಯದಲ್ಲಿ ದೀಕ್ಷಾಸ್ನಾನವಾದಾಗ, ದಾಖಲೆ ಪುಸ್ತಕದಲ್ಲಿ ತಂದೆ ಯಾರೆಂದು ತಿಳಿಯದು ಎಂದು ಬರೆಯಲಾಯಿತು. ಕೆಲವು ವರ್ಷಗಳ ನಂತರ ಇದೇ ದೇವಾಲಯದಲ್ಲಿ ಸಂತ ರೋಸ್ ಆಫ್ ಲಿಮಾ ಅವರಿಗೂ ದೀಕ್ಷಾಸ್ನಾನವಾಯಿತು.

ಮುಂದೆ ತಂದೆಯು ಮಾರ್ಟಿನ್ ಮತ್ತು ತಂಗಿ ಹ್ವಾನಾಳನ್ನು ತನ್ನ ಮಕ್ಕಳೆಂದು ಒಪ್ಪಿಕೊಂಡು, ಕೆಲಕಾಲ ಈಕ್ವೆಡಾರಿನ ಗ್ವಾಯಾಕಿಲ್‌ಗೆ ಕರೆದೊಯ್ದರು. ನಂತರ ಬಾಲಕನು ಲಿಮಾದಲ್ಲಿದ್ದ ತಾಯಿಯ ಬಳಿಗೆ ಮರಳಿದನು. ಒಂದು ಮನೆಯಲ್ಲಿ ಅನುಕೂಲ, ಇನ್ನೊಂದು ಮನೆಯಲ್ಲಿ ಬಡತನ. ಒಂದು ಕಡೆ ಒಡೆಯರ ರಕ್ತ, ಇನ್ನೊಂದು ಕಡೆ ದಾಸರ ರಕ್ತ. ಬೀದಿಯಲ್ಲಿ ಜನರು ಅವನನ್ನು 'ಮುಲಾಟೊ' ಎಂದು ಕರೆಯುತ್ತಿದ್ದರು. ಅದು ಗೌರವದ ಮಾತಾಗಿರಲಿಲ್ಲ.

ಮಠದ ಬಾಗಿಲಲ್ಲಿ

ಸುಮಾರು 12ರ ಪ್ರಾಯದಲ್ಲಿ ಮಾರ್ಟಿನ್ ಕ್ಷೌರಿಕ ವೈದ್ಯರೊಬ್ಬರ ಬಳಿ ಕೆಲಸ ಕಲಿಯಲು ಸೇರಿದರು. ಆ ಕಾಲದಲ್ಲಿ ಕ್ಷೌರಿಕರೇ ಗಾಯ ಕಟ್ಟುವುದು, ಮೂಳೆ ಕೂಡಿಸುವುದು, ಮದ್ದು ಕೊಡುವುದನ್ನೂ ಮಾಡುತ್ತಿದ್ದರು. 15ರ ಹರೆಯದಲ್ಲಿ ಅವರು ಲಿಮಾದ ಡೊಮಿನಿಕನ್ ಮಠಕ್ಕೆ ಹೋದರು. ಆದರೆ ಕಪ್ಪು ಜನಾಂಗದವರು, ಮೂಲನಿವಾಸಿಗಳು ಮತ್ತು ಅವರ ಸಂತತಿಯವರು ಪೂರ್ಣ ಸದಸ್ಯರಾಗಲು ಅಲ್ಲಿನ ನಿಯಮ ಬಿಡುತ್ತಿರಲಿಲ್ಲ. ಆದ್ದರಿಂದ ಅವರು ಕೇವಲ ಸೇವಕರಾಗಿ ಸೇರಿಕೊಂಡರು. ಕಸ ಗುಡಿಸಿದರು, ಕೂದಲು ಕತ್ತರಿಸಿದರು, ರೋಗಿಗಳ ಆರೈಕೆ ಮಾಡಿದರು. ಸುಮಾರು ಒಂಬತ್ತು ವರ್ಷಗಳ ನಂತರ, 1603ರಲ್ಲಿ, ಈ ನಿಯಮವನ್ನು ಬದಿಗಿಟ್ಟು ಅವರಿಗೆ ಸಹೋದರರಾಗಿ ವ್ರತ ಸ್ವೀಕರಿಸಲು ಅವಕಾಶ ನೀಡಲಾಯಿತು.

ವೈರುಧ್ಯವೇ?

ಮಾರ್ಟಿನರ ಸ್ವಭಾವ ಮೇಲ್ನೋಟಕ್ಕೆ ಒಂದಕ್ಕೊಂದು ಹೊಂದದಂತೆ ಕಾಣುತ್ತದೆ. ಮಠವು ಸಾಲದಲ್ಲಿ ಬಿದ್ದಾಗ, ನನ್ನನ್ನೇ ಮಾರಿ ಸಾಲ ತೀರಿಸಿ ಎಂದು ಅವರು ಹೇಳಿದರೆಂಬ ಪ್ರತೀತಿ ಇದೆ. ಅಷ್ಟು ದೀನತೆ! ಅದೇ ಮಾರ್ಟಿನ್ ಮೇಲಧಿಕಾರಿಗಳ ಆಜ್ಞೆಯನ್ನು ಮೀರಿದ್ದೂ ಉಂಟು. ರೋಗಿಗಳನ್ನು ಮಠದೊಳಗೆ ತರಬಾರದೆಂಬ ಆಜ್ಞೆಯಿದ್ದಾಗ, ಇರಿತಕ್ಕೊಳಗಾಗಿ ರಕ್ತ ಸೋರುತ್ತಿದ್ದ ಮೂಲನಿವಾಸಿಯೊಬ್ಬನನ್ನು ಅವರು ತಮ್ಮ ಕೋಣೆಗೇ ತಂದು ಮಲಗಿಸಿದರಂತೆ. ಮೇಲಧಿಕಾರಿಗಳು ಗದರಿಸಿದಾಗ, ವಿಧೇಯತೆಯು ಪ್ರೀತಿಗಿಂತ ದೊಡ್ಡದೆಂದು ನನಗೆ ತಿಳಿದಿರಲಿಲ್ಲ, ಕ್ಷಮಿಸಿ ಎಂಬರ್ಥದ ಉತ್ತರ ಕೊಟ್ಟರೆಂದು ಅವರ ಚರಿತ್ರೆ ಹೇಳುವವರು ಬರೆಯುತ್ತಾರೆ. ಕ್ಷಮೆಯನ್ನೂ ಕೇಳಿದರು, ತಮ್ಮ ಮಾತನ್ನೂ ಬಿಡಲಿಲ್ಲ.

ತಮಗಾಗಿ ಏನನ್ನೂ ಕೇಳದ ಮಾರ್ಟಿನ್ ಬಡವರಿಗಾಗಿ ಶ್ರೀಮಂತರ ಮನೆಬಾಗಿಲು ತಟ್ಟಿದರು. ಆ ದಾನದಿಂದ ಹಸಿದವರಿಗೆ ಊಟ ಕೊಟ್ಟರು, ಅನಾಥ ಮಕ್ಕಳಿಗೆ ಆಶ್ರಯ ಕಲ್ಪಿಸಿದರು. ಸ್ಪೇನಿನವರು, ಮೂಲನಿವಾಸಿಗಳು, ಆಫ್ರಿಕದ ದಾಸರು ಎಲ್ಲರೂ ಅವರ ಕೈಯಿಂದ ಮದ್ದು ಪಡೆದರು. ಎರಡೂ ಮನೆಗಳ ಒಳಹೊರಗು ಕಂಡವನಿಗೆ, ಎಲ್ಲಿ ತಲೆ ಬಾಗಬೇಕು, ಎಲ್ಲಿ ಗಟ್ಟಿಯಾಗಿ ನಿಲ್ಲಬೇಕು ಎಂಬುದು ತಿಳಿದಿತ್ತು. ನಾವು ವೈರುಧ್ಯ ಎನ್ನುವುದು ಅವರಲ್ಲಿ ಸೇವೆಯ ಬಲವಾಯಿತು.

ಆದರೆ ಒಂದು ಎಚ್ಚರಿಕೆ ಅಗತ್ಯ. ಮಾರ್ಟಿನ್ ಅವಮಾನವನ್ನು ಸಹಿಸಿದರು ಎಂಬ ಕಾರಣಕ್ಕೆ ಅವಮಾನ ಮಾಡಿದವರು ಸರಿಯಾಗುವುದಿಲ್ಲ. 'ಸಂತ ಮಾರ್ಟಿನರಂತೆ ಸಹಿಸಿಕೊ' ಎಂದು ಗೇಲಿಗೊಳಗಾದ ಮಗುವಿಗೆ ಹೇಳುವುದು ಸಲ್ಲದು. ಗೇಲಿ ಮಾಡಿದವರನ್ನು ತಿದ್ದುವುದು ನಮ್ಮ ಕರ್ತವ್ಯ.

ನಮ್ಮ ಧರ್ಮಕೇಂದ್ರಗಳಲ್ಲಿ

ಧರ್ಮಸಭೆಯ ನಿಯಮಗಳು ಇಂದು ಬದಲಾಗಿವೆ. 1983ರ ಕಾನೂನು ಸಂಹಿತೆಯ 877ನೇ ನಿಯಮದಂತೆ, ಅವಿವಾಹಿತ ತಾಯಿಯ ಮಗುವಿನ ದೀಕ್ಷಾಸ್ನಾನದ ದಾಖಲೆಯಲ್ಲಿ ತಂದೆಯ ಹೆಸರನ್ನು ಬರೆಯಲು ಸರಕಾರಿ ದಾಖಲೆ ಬೇಕು. ಇಲ್ಲವೇ ತಂದೆಯೇ ಧರ್ಮಗುರು ಮತ್ತು ಇಬ್ಬರು ಸಾಕ್ಷಿಗಳ ಮುಂದೆ ಹೇಳಿಕೆ ನೀಡಬೇಕು. ಇವೆರಡೂ ಇಲ್ಲದಿದ್ದರೆ ತಂದೆಯ ಬಗ್ಗೆ ಯಾವ ಸೂಚನೆಯನ್ನೂ ಬರೆಯುವಂತಿಲ್ಲ. ಮಾರ್ಟಿನರ ಜೀವನದುದ್ದಕ್ಕೂ ಉಳಿದಂಥ ಷರಾ ಇಂದಿನ ಮಗುವಿನ ಹೆಸರಿನ ಮುಂದೆ ಬರಬಾರದು. ವಿವಾಹಬಾಹಿರ ಜನನವು ಯಾಜಕ ದೀಕ್ಷೆಗೆ ಅಡ್ಡಿ ಎಂಬ 1917ರ ಸಂಹಿತೆಯ ನಿಯಮವೂ ಈಗ ಇಲ್ಲ.

ಆದರೆ ನಮ್ಮ ಮಾತುಗಳು ಬದಲಾಗಿವೆಯೇ? ಕ್ರೈಸ್ತ ಶಿಕ್ಷಣದ ಶಿಕ್ಷಕರು, ವಾರ್ಡಿನ ಗುರಿಕಾರರು ಮತ್ತು ಹೆತ್ತವರು ಕೆಲವು ಸಣ್ಣ ವಿಷಯಗಳನ್ನು ಗಮನಿಸಬಹುದು. ಮಗುವಿನ ಮೈಬಣ್ಣ, ಕೂದಲು, ಮಾತಿನ ಧಾಟಿಯ ಬಗ್ಗೆ ತಮಾಷೆಗೂ ಟೀಕೆ ಬೇಡ. 'ನಿನಗೆ ಅಪ್ಪನ ಊರು ಇಷ್ಟವೋ, ಅಮ್ಮನ ಊರು ಇಷ್ಟವೋ?' ಎಂದು ನಾಲ್ಕು ಜನರ ಮುಂದೆ ಕೇಳಬೇಡಿ. ಅದು ಹೆತ್ತವರಲ್ಲಿ ಒಬ್ಬರನ್ನು ಬಿಟ್ಟುಕೊಡು ಎಂದು ಕೇಳಿದಂತೆ. ಅಜ್ಜಿಯ ಕೊಂಕಣಿಯನ್ನೂ, ಇನ್ನೊಬ್ಬ ಅಜ್ಜಿಯ ಭಾಷೆಯನ್ನೂ ಕಲಿಯಲು ಬಿಡಿ. ಒಂದು ದಿನ ಮೌನಿ, ಮರುದಿನ ಹಟಮಾರಿಯಾಗುವ ಮಗುವಿಗೆ 'ಎರಡು ತಲೆಯವನು' ಎಂದು ಹೆಸರಿಡಬೇಡಿ. ಅವನು ಇನ್ನೂ ಎರಡು ಮನೆಗಳ ರೀತಿಯನ್ನು ಕಲಿಯುತ್ತಿದ್ದಾನೆ.

ಮಾರ್ಟಿನ್ 1639ರ ನವೆಂಬರ್ 3ರಂದು ತೀರಿಕೊಂಡರು. ಪುನೀತರೆಂದು ಘೋಷಿಸಿದ್ದು 1837ರಲ್ಲಿ. ಪೋಪ್ 23ನೇ ಜಾನ್ ಅವರು ಸಂತ ಪದವಿಗೇರಿಸಿದ್ದು 1962ರ ಮೇ 6ರಂದು. ಸಾವಿನ ನಂತರ 320ಕ್ಕೂ ಹೆಚ್ಚು ವರ್ಷಗಳು ಕಳೆದಿದ್ದವು. ಅವರ ಚಿತ್ರಗಳಲ್ಲಿ ಕೈಯಲ್ಲಿ ಪೊರಕೆ, ಕಾಲ ಬಳಿ ಒಂದೇ ಬಟ್ಟಲಿನಿಂದ ತಿನ್ನುವ ನಾಯಿ, ಬೆಕ್ಕು ಮತ್ತು ಇಲಿ ಇರುತ್ತವೆ. ಮಕ್ಕಳಿಗೆ ಈ ಚಿತ್ರ ತೋರಿಸಿ, ಕಥೆ ಹೇಳಿ. ಮುಂದಿನ ರಜೆಯಲ್ಲಿ ದೇವಾಲಯದ ಅಂಗಳದಲ್ಲಿ ಹೊಸ ಮುಖವೊಂದು ಕಂಡರೆ 'ತುಂ ಕೊಣಾಚೊ?' ಎಂದು ಕೇಳುವ ಮುನ್ನ 'ನಿನ್ನ ಹೆಸರೇನು, ಮಗು?' ಎಂದು ಕೇಳೋಣ. ಆ ಪ್ರಶ್ನೆಗೆ ಉತ್ತರ ಹೇಳಲು ಯಾವ ಮಗುವಿಗೂ ಕಷ್ಟವಿಲ್ಲ.