ಹಿತ್ತಲುಗಳಲ್ಲಿ ಕೊನ್ನಾರಿಗೆಡ್ಡೆಯನ್ನು ನಿರ್ಮೂಲ ಮಾಡುವ ಕ್ರಮ

ಕೊನ್ನಾರಿ, ತುಂಗೆಹುಲ್ಲು, ಜೇಕು ಎಂದು ಸೀಮೆಸೀಮೆಗೂ ಬೇರೆ ಬೇರೆ ಹೆಸರಿನಿಂದ ಕರೆಯಲ್ಪಡುವ ಈ ಕಳೆಯನ್ನು ಅರಿಯದ ರೈತರಿಲ್ಲ. ಮೂರಂಚಿನ ದಂಟು, ಕಂದುಗೆಂಪಾದ ತೆನೆ, ಸುವಾಸನೆಯುಳ್ಳ ಕರಿಯ ಗೆಡ್ಡೆ, ಇವೇ ಇದರ ಗುರುತುಗಳು. ಲೀರಾಯ್ ಹೋಮ್ ಮೊದಲಾದ ಪಂಡಿತರು 1977ನೆಯ ಇಸವಿಯಲ್ಲಿ ಪ್ರಪಂಚದ ಕಳೆಗಳನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ, 92 ದೇಶಗಳಲ್ಲಿ 52 ಬಗೆಯ ಬೆಳೆಗಳನ್ನು ಬಾಧಿಸುವ ಇದಕ್ಕೇ ಮೊದಲನೆಯ ಸ್ಥಾನವನ್ನು ಕೊಟ್ಟಿರುತ್ತಾರೆ.

ಹಿತ್ತಲಿನಲ್ಲಿ ಸೊಪ್ಪು, ಬದನೆ, ಮೆಣಸಿನ ಗಿಡಗಳನ್ನು ಬೆಳೆಯುವವರು ಇದನ್ನು ಮೇಲೆಮೇಲೆ ಕೆತ್ತಿ, ಕೆಲವೇ ದಿವಸಗಳಲ್ಲಿ ಅದು ಪುನಃ ತಲೆಯೆತ್ತುವುದನ್ನು ಕಂಡು, ಬೇಸತ್ತು ನೆಲವನ್ನೇ ಬೀಳುಬಿಡುವುದುಂಟು. ಇದಕ್ಕೆ ಕಾರಣವು ಭೂಮಿಯೊಳಗಿರುತ್ತದೆ. ಗೆಡ್ಡೆಗಳು ತಂತಿಯಂತಹ ಬಳ್ಳಿಬೇರಿನಿಂದ ಸರದ ಮಣಿಗಳ ಹಾಗೆ ಪೋಣಿಸಲ್ಪಟ್ಟಿರುತ್ತವೆ. ಸರವು ಅಖಂಡವಾಗಿರುವವರೆಗೆ ತುದಿಯ ಗೆಡ್ಡೆಯು ಉಳಿದವುಗಳ ಮೊಳಕೆಯನ್ನು ತಡೆದಿಡುತ್ತದೆ. ಗುದ್ದಲಿಯ ಏಟಿನಿಂದ ಸರವು ತುಂಡಾದೊಡನೆಯೇ ಒಂದೊಂದು ಗೆಡ್ಡೆಯೂ ತಾನಾಗಿ ಚಿಗುರುತ್ತದೆ. ಆದುದರಿಂದ ತೇವದ ಕಾಲದಲ್ಲಿ ಒಂದಾವರ್ತಿ ಅಗೆದು ಸುಮ್ಮನಾಗುವುದು ಕಳೆಯನ್ನು ಬಿತ್ತಿದಂತೆಯೇ ಸರಿ.

ಬೇಸಿಗೆಯಲ್ಲಿ ನೆಲವು ಒಣಗಿರುವಾಗ ಒಂದು ಅಡಿ ಆಳಕ್ಕೆ ಅಗೆದು, ಹೆಂಟೆಗಳನ್ನು ಮಗುಚಿ, ಎರಡು ವಾರ ಬಿಸಿಲಿಗೆ ಬಿಡತಕ್ಕದ್ದು. ಗೆಡ್ಡೆಗಳ ಬಹುಪಾಲು ಮೇಲಿನ ಆರು ಅಂಗುಲದೊಳಗೇ ಇರುವುದರಿಂದ ಬಿಸಿಲಿಗೆ ಬಿದ್ದವು ಒಣಗಿ ಸಾಯುತ್ತವೆ. ಹೆಂಟೆಯೊಳಗೆ ಅಡಗಿದವು ತೇವದಿಂದ ಬದುಕಿಕೊಳ್ಳುವುದರಿಂದ, ನಡುವೆ ಒಂದೆರಡು ಸಲ ಹೆಂಟೆಗಳನ್ನು ಒಡೆಯಬೇಕು. ಈ ಅವಧಿಯಲ್ಲಿ ನೀರು ಕಟ್ಟಕೂಡದು. ಆಯ್ದ ಗೆಡ್ಡೆಗಳನ್ನು ತಿಪ್ಪೆಗೆ ಹಾಕಿದರೆ ಗೊಬ್ಬರದೊಡನೆ ಮರಳಿ ಬರುವುವು; ಒಣಗಿಸಿ ಸುಡುವುದೇ ಲೇಸು. ಮುಸ್ತೆಯೆಂಬ ಹೆಸರಿನಿಂದ ಔಷಧಕ್ಕೆ ಬರುತ್ತದೆಂದು ಒಂದು ಮೂಲೆಯಲ್ಲಿ ಉಳಿಸಿಕೊಳ್ಳುವವರಿದ್ದಾರೆ. ವೈದ್ಯರಿಗೆ ಬೇಕಾದಷ್ಟು ಊರ ಹೊರಗೇ ಸಿಕ್ಕುತ್ತದೆ.

ಮಳೆ ಬಿದ್ದ ಮೇಲೆ ಉಳಿದ ಗೆಡ್ಡೆಗಳು ಚಿಗುರುವುವು. ಚಿಗುರಿದ ಮೂರು ನಾಲ್ಕು ವಾರಗಳಲ್ಲಿ ಹೊಸ ಗೆಡ್ಡೆ ಕಟ್ಟತೊಡಗುವುದರಿಂದ, ಎರಡು ವಾರಕ್ಕೊಮ್ಮೆ ತಪ್ಪದೆ ಕೀಳಬೇಕು. ಒಂದೊಂದು ಚಿಗುರಿಗೂ ಹಳೆಯ ಗೆಡ್ಡೆಯ ಸಾರವು ವೆಚ್ಚವಾಗಿ, ಕೊನೆಗೆ ಅದು ಬರಿದಾಗುತ್ತದೆ. ಒಂದು ತಿಂಗಳ ಅಲಕ್ಷ್ಯವು ಹಿಂದಿನ ದುಡಿಮೆಯನ್ನೆಲ್ಲ ವ್ಯರ್ಥಪಡಿಸುವುದು. ಕಳೆನಾಶಕ ಔಷಧಗಳನ್ನು ಸಿಂಪಡಿಸಿದರೂ ಚಿಗುರದೆ ಮಲಗಿರುವ ಗೆಡ್ಡೆಗಳಿಗೆ ಅವು ತಟ್ಟುವುದಿಲ್ಲ. ದರಗು ಹೊದಿಸುವುದರಿಂದಲೂ ಪ್ರಯೋಜನ ಕಡಮೆ. ಇದರ ಮೊನಚಾದ ಮೊಳಕೆಯು ಪ್ಲಾಸ್ಟಿಕ್ ಹಾಳೆಯನ್ನೇ ತೂತುಮಾಡಿ ಮೇಲೇಳುತ್ತದೆ. ಆದರೆ ನೆರಳನ್ನು ಇದು ತಾಳದು. ಅಲಸಂದೆಯನ್ನಾಗಲಿ ಅಪ್ಸೆಣಬನ್ನಾಗಲಿ ಒತ್ತಾಗಿ ಬಿತ್ತಿದರೆ ಅದರ ಕೆಳಗೆ ಸೊರಗುತ್ತದೆ.

ಒಬ್ಬರ ಹಿತ್ತಲು ಶುದ್ಧವಾದರೆ ಸಾಲದು. ಕಾಲುವೆಯ ನೀರು, ಕೆರೆಗೋಡು, ಸಸಿಗಳ ಬೇರಿಗೆ ಅಂಟಿದ ಮಣ್ಣು, ಇವುಗಳ ಮೂಲಕ ಗೆಡ್ಡೆಯು ಹಿತ್ತಲಿಂದ ಹಿತ್ತಲಿಗೆ ಸಾಗುತ್ತದೆ. ಗ್ರಾಮದ ಮುಖಂಡರು ಕೆರೆಗೋಡನ್ನು ಹೊಡೆಸುವ ಮುಂಚೆ, ತೆಗೆಯತಕ್ಕ ಒಂದೊಂದು ಭಾಗದಿಂದಲೂ ಒಂದು ಬುಟ್ಟಿ ಗೋಡನ್ನು ನೀರು ಚಿಮುಕಿಸಿ ಎರಡು ಮೂರು ವಾರ ಇರಿಸಿ ನೋಡತಕ್ಕದ್ದು. ಕೊನ್ನಾರಿ ಚಿಗುರಿದಲ್ಲಿ ಆ ಭಾಗದ ಗೋಡನ್ನು ಹಿತ್ತಲುಗಳಿಗೆ ಬಿಡದೆ ತಡೆಯುವುದು.